ಫುಕಟ್ ಇಂಜಿನಿಯರ್

ನಮ್ಮತ್ತೆ ತಮ್ಮ ಮಗನನ್ನು, ಅಂದರೆ ನನ್ನ ಗಂಡನನ್ನು, ಮನೆಗೆ ಬಂದವರಿಗೆ ಪರಿಚಯಿಸುತ್ತಿದ್ದ ರೀತಿಯೇ ಬೇರೆ. "ಇಂವ ನಮ್ಮ ಫುಕಟ್ ಇಂಜಿನಿಯರ್ ನೋಡ್ರಿ. ಊರಿಗೆಲ್ಲಾ ಚಿಪ್ ಹಂಚ್ತಾನ, ನಮ್ಮ ಕೈಯಾಗ ಚಿಪ್ಪ ಕೊಡ್ತಾನ!" ಎಲ್ಲರಿಗಿಂತ ಜೋರಾಗಿ ನಗುತ್ತಿದ್ದವರು ಅವರೇ.

ವೋಲ್ಟೇಜ್ ಏರಿಳಿದಾಗ ಪಂಪ್‌ಸೆಟ್ಟಿನ ಮೋಟಾರು ಸುಡದಂತೆ ಕಾಯುವ ಚಿಪ್ ಅದು. ಕೇಶ್ವಾಪುರದ ನಮ್ಮ ಮಹಡಿಯ ಕೋಣೆಯಲ್ಲಿ ನನ್ನ ಗಂಡ ಗೆಳೆಯರೊಬ್ಬರ ಜೊತೆ ಕುಳಿತು ಅದರ ವಿನ್ಯಾಸ ಮಾಡಿದರು. ಯಾರು ಬೇಕಾದರೂ ತೆಗೆದುಕೊಂಡು ತಿದ್ದಬಹುದು, ಚಿಪ್ ಮಾಡಿಸಿ ಮಾರಬಹುದು ಎಂದು ಇಂಟರ್ನೆಟ್ಟಿನಲ್ಲಿ ಹಾಕಿಬಿಟ್ಟರು. ಷರತ್ತು ಒಂದೇ: ಮೇಲಿನ ಸಾಲಿನಲ್ಲಿರುವ, ಅದನ್ನು ಮಾಡಿದವರ ಹೆಸರುಗಳನ್ನು ಅಳಿಸಕೂಡದು.

"ಹಂಗಾದ್ರ ನಮ್ಮ ಊಟಕ್ಕ?" ಎಂದು ಅವರನ್ನು ಕೇಳಿದ್ದೆ. ನಾನು ಬ್ಲೌಸ್ ಹೊಲಿಯುವವಳು.

"ನೀ ಬ್ಲೌಸಿನ ಕಟಿಂಗ್ ಪೇಪರ್ ಕೇಳಿದವರಿಗೆಲ್ಲಾ ಫುಕಟ್ ಕೊಡ್ತಿ. ಆದ್ರೂ ಹೊಲಿಸಾಕ ನಿನ್ನ ಹತ್ರನ ಬರ್ತಾರ. ತೋಳು ತಮ್ಮ ಮೈಗೆ ಕೂಡಬೇಕಲ್ಲ!"

ಹಾಗೆಯೇ ಆಯಿತು. ಪುಕ್ಕಟೆ ಒಯ್ದ ಕಂಪನಿಗಳೇ ತಮ್ಮ ಯಂತ್ರಕ್ಕೆ ಹೊಂದಿಸಿಕೊಡಿ, ಪರೀಕ್ಷೆ ಮಾಡಿಕೊಡಿ ಎಂದು ಬಂದವು. ಆ ಕೆಲಸದ ಹಣದಿಂದ ನಮ್ಮದೂ ಗೆಳೆಯರದೂ ಎರಡೂ ಮನೆ ನಡೆದವು.

ಹೋದ ವರ್ಷ ನನ್ನ ಗಂಡ ತೀರಿಕೊಂಡರು. ಎದೆನೋವು ಎಂದು ಆಸ್ಪತ್ರೆಗೆ ಹೋದವರು ಮನೆಗೆ ಮರಳಲಿಲ್ಲ. ಕೆಲವು ತಿಂಗಳ ಮೇಲೆ ಗೆಳೆಯರು ಒಂದು ಕಂಪನಿಯ ಕರಾರುಪತ್ರ ತಂದರು. ನನ್ನ ಗಂಡ ಸಾಯುವ ಮುನ್ನವಷ್ಟೇ ಮುಗಿಸಿದ್ದ ಹೊಸ ವಿನ್ಯಾಸ ಆ ಕಂಪನಿಯೊಂದಕ್ಕೇ ಬೇಕಂತೆ. ಬೇರೆ ಯಾರಿಗೂ ಕೊಡಬಾರದು, ಹೆಸರೂ ಇರಬಾರದು. ಅವರ ಹಕ್ಕು ಈಗ ನನ್ನದಾದ್ದರಿಂದ ನಾನು ಸಹಿ ಮಾಡಬೇಕಿತ್ತು.

"ರೊಕ್ಕ ಛಲೋ ಐತ್ರಿ ವೈನಿ. ಅಂವ ಹೋದ ಮ್ಯಾಲ ಕೆಲಸಾನೂ ಕಡಿಮಿ ಆಗೇತಿ. ಆದ್ರ ನಾ ಒತ್ತಾಯ ಮಾಡಂಗಿಲ್ಲ."

ಕಾಳು ಆರಿಸುತ್ತಿದ್ದ ಅತ್ತೆ ತಲೆಯೆತ್ತಿದರು. "ಹೆಸರು ಇದ್ರ ಅವರಿಗೇನ ಭಾರ ಆಗ್ತೈತೆಪಾ?"

ನಾನು ಸಹಿ ಹಾಕದೆ ಪತ್ರವನ್ನು ಮಡಚಿ ಗೆಳೆಯರ ಕೈಗೆ ಕೊಟ್ಟೆ. "ಮೊದಲಿನಂಗ ಎಲ್ಲಾರಿಗೂ ಬಿಡ್ರಿ. ಹೊಂದಿಸಿಕೊಡೂ ಕೆಲಸಕ್ಕ ಆ ಕಂಪನಿಯವರೂ ಬಂದ್ರ ಬರಲಿ."

ಬರುತ್ತಾರೋ ಇಲ್ಲವೋ ನನಗೆ ಗೊತ್ತಿರಲಿಲ್ಲ. ಗೆಳೆಯರು ಅಲ್ಲೇ ಲ್ಯಾಪ್‌ಟಾಪ್ ತೆರೆದು ಹೊಸ ವಿನ್ಯಾಸಕ್ಕೆ ಹೆಸರುಗಳ ಮೇಲಿನ ಸಾಲು ಬರೆಯತೊಡಗಿದರು. ನಡುವೆ ಕೈ ನಿಂತಿತು.

"ವೈನಿ, ಅವನ ಹೆಸರಿನ ಮುಂದ 'ದಿವಂಗತ' ಅಂತ ಹಾಕ್ಲೇನ್ರಿ?"

"ಬ್ಯಾಡ್ರಿ," ಅಂದೆ. "ಇದನ್ನ ಮಾಡುವಾಗ ಅವರು ಇದ್ರಲ್ಲ."