ಗುತ್ತಿಗೆ ಹಿಡಿದವಳು

ಹದಿನೈದು ದಿನದ ಹಿಂದೆ, ಒಂದು ಸೋಮವಾರ, ನಾನು ನೌಕರಿಗೆ ಸೇರಬೇಕಿತ್ತು. ಹೊಸ ಚಪ್ಪಲಿ ಮೆಟ್ಟಿಕೊಂಡು, ಬ್ಯಾಗಿನಲ್ಲಿ ಆಫರ್ ಲೆಟರ್ ಇಟ್ಟುಕೊಂಡು ಸಿಂಧನೂರಿನಿಂದ ಲಿಂಗಸುಗೂರಿನ ಆಫೀಸಿನವರೆಗೂ ಹೋದೆ. ಸೇರದೆ ವಾಪಸ್ ಬಂದೆ. ಇದಕ್ಕೆಲ್ಲ ಕಾರಣ ತುರ್ವಿಹಾಳದಲ್ಲಿ ಕೆಟ್ಟು ನಿಂತ ಒಂದು ಟಂಟಂ ಆಟೋ.

ನನ್ನ ಕೆಲಸ ನಿಮಗೆ ಗೊತ್ತೇ ಇದೆ. (ಹೊಸಬರಿಗೆ: ಪುಸ್ತಕದ ಪುಟಗಳನ್ನು ಜೋಡಿಸುವುದು, ಲಗ್ನಪತ್ರಿಕೆ ಡಿಸೈನ್ ಮಾಡುವುದು, ಕನ್ನಡ-ಉರ್ದು ಎರಡರಲ್ಲೂ.) ಆರು ವರ್ಷದಿಂದ ಫ್ರೀಲಾನ್ಸ್. ಆಫೀಸು ಎಂದರೆ ನಮ್ಮ ಮನೆಯ ಹಿಂದಿನ ಕೋಣೆ, ಒಂದು ಲ್ಯಾಪ್‌ಟಾಪ್, ನಡುಮನೆಗೂ ಕೋಣೆಗೂ ನಡುವೆ ಒಂದು ಪರದೆ. ಈ ಕೆಲಸವೆಂದರೆ ನನಗೆ ಪ್ರಾಣ. ಆದರೆ ಪರದೆಯ ಆಚೆ ಅದನ್ನು ಕೆಲಸ ಎಂದು ಒಪ್ಪುವವರು ಬೇಕಲ್ಲ?

ಅಬ್ಬಾ ಸರ್ಕಾರಿ ಕಚೇರಿಯಿಂದ ನಿವೃತ್ತರಾದವರು. ಮಗಳು ಏನು ಮಾಡುತ್ತಾಳೆಂದು ಯಾರಾದರೂ ಕೇಳಿದರೆ "ಮನ್ಯಾಗ ಅದಾಳ" ಎನ್ನುತ್ತಿದ್ದರು. ಅಷ್ಟೇ. ಪಕ್ಕದ ಮನೆಯ ಬಸಮ್ಮಕ್ಕ ಮೊಬೈಲಿನಲ್ಲಿ ಗ್ಯಾಸ್ ಬುಕ್ ಮಾಡಿಸಲು ಬಂದರೆ "ಒಳಗ ಹೋಗ್ರಿ, ಖಾಲಿ ಕುಂತಾಳ" ಎಂದು ಕಳಿಸುತ್ತಿದ್ದರು. ಮನೆಯಲ್ಲಿರುವವಳು ಯಾವಾಗಲೂ ಸಿಗುತ್ತಾಳೆ ಎಂದು ಗಿರಾಕಿಗಳಿಗೂ ತಿಳಿದುಹೋಗಿತ್ತು. ಊಟಕ್ಕೆ ಕುಳಿತರೂ ಫೋನು. ನನಗೆ ಸಾಕಾಗಿತ್ತು.

ಲಿಂಗಸುಗೂರಿನ ಪ್ರೆಸ್ಸೊಂದು ಕರೆದಾಗ ಹೂಂ ಅಂದುಬಿಟ್ಟೆ. ಅಬ್ಬಾ ಅವತ್ತೇ ಓಣಿಗೆಲ್ಲ ಪೇಡೆ ಹಂಚಿದರು. ಆರು ವರ್ಷ ದುಡಿದದ್ದಕ್ಕೆ ಒಂದು ಚೂರು ಬೆಲ್ಲವನ್ನೂ ಹಂಚಿರಲಿಲ್ಲ. ಸಂಕಟವಾಗದೆ ಇರುತ್ತದೆಯೇ?

ಸೋಮವಾರ ಬಸ್ಸಿನಲ್ಲಿ ಕುಳಿತಿದ್ದೇ ತಡ, ಬುತ್ತಿಗಂಟು ಹಿಡಿದ ಹತ್ತು ಹನ್ನೆರಡು ಹೆಣ್ಣುಮಕ್ಕಳು ಹತ್ತಿದರು. ತುರ್ವಿಹಾಳದವರು. ಮಸ್ಕಿ ದಾರಿಯ ಗದ್ದೆಯೊಂದಕ್ಕೆ ಭತ್ತದ ನಾಟಿಗೆ ಹೊರಟಿದ್ದರು. ದಿನಾ ಕರೆದೊಯ್ಯುವ ಟಂಟಂ ಅವತ್ತು ಊರಲ್ಲೇ ಕೈಕೊಟ್ಟಿದ್ದರಿಂದ ಸಿಂಧನೂರಿಗೆ ಬಂದು ಈ ಬಸ್ಸು ಹಿಡಿದಿದ್ದರು. ಗುಂಪಿನ ಹಿರಿಯರಾದ ಹುಲಿಗೆಮ್ಮ ನನ್ನ ಪಕ್ಕ ಕುಳಿತರು.

"ಎಲ್ಲಿಗೆ ಹೊಂಟೀಯವ್ವಾ?"

"ಲಿಂಗಸುಗೂರಿಗೆ. ನೌಕರಿ ಸೇರಾಕ ಹೊಂಟೀನಿ."

"ಇಷ್ಟು ದಿನ ಏನ್ ಮಾಡ್ತಿದ್ದಿ?"

ಫ್ರೀಲಾನ್ಸ್ ಅಂದರೇನು ಎಂದು ವಿವರಿಸುವುದರಲ್ಲಿ ನಾನು ಪಳಗಿದವಳು. (ಅಬ್ಬಾಗೆ ವಿವರಿಸಿ ಸೋತವಳೂ ಹೌದು.) ಜನ ಕೆಲಸ ಕೊಡುತ್ತಾರೆ, ಇಂಥ ದಿನಕ್ಕೆ ಮುಗಿಸುತ್ತೇನೆಂದು ಒಪ್ಪಿಕೊಳ್ಳುತ್ತೇನೆ, ಯಾರೂ ಮುಂದೆ ನಿಂತು ಕಾಯುವುದಿಲ್ಲ ಎಂದೆ.

"ಹಂಗನ್ನು. ನೀನೂ ಗುತ್ತಿಗಿ ಹಿಡೀತಿದ್ದಿ," ಎಂದರು ಹುಲಿಗೆಮ್ಮ. "ನಮ್ದೂ ಗುತ್ತಿಗೀನ. ಕೂಲಿಗೆ ಹೋದ್ರ ಸಾವ್ಕಾರ ಬದುವಿನ ಮ್ಯಾಲ ನಿಂತಿರ್ತಾನ. ನಡಾ ಎತ್ತಿದ್ರೂ ನೋಡ್ತಾನ. ಗುತ್ತಿಗ್ಯಾಗ ಹಂಗಿಲ್ಲ. ಇಷ್ಟು ಎಕರೆ ಅಂತ ಒಪ್ಪಿಕೊಂಡ್ವಿ, ಹಾಡ್ಕೋತ ಸಸಿ ಹಚ್ಚಿದ್ವಿ, ಮುಗಿಸಿ ಮನಿಗೆ ಹೋದ್ವಿ. ಮತ್ತ ನೀ ಯಾಕ ಬಿಟ್ಟಿ?"

"ಮುಗಿಯಂಗಿಲ್ಲಕ್ಕಾ. ಎದ್ದಾಗಿಂದ ಮಲಗೂತನಕ ಅದ."

"ಹೊಲ ಮುಗದ ಮ್ಯಾಲೂ ಕೆಸರಾಗ ನಿಂತ್ರ ಯಾರ ತಪ್ಪವ್ವಾ? ಮನಿಗೆ ಹೋಗೋ ಹೊತ್ತು ನೀನ ಹೇಳ್ಬೇಕು. ಸಾವ್ಕಾರ ಹೇಳಂಗಿಲ್ಲ."

"ನಾ ಮನ್ಯಾಗ ಇರ್ತೀನಲ್ಲಕ್ಕಾ?"

"ಇದ್ರೇನಾತು? ದಿನಾ ಮನಿಗೆ ಹೋಗು."

ಮಸ್ಕಿ ಬರುವ ಮೊದಲೇ ಅವರೆಲ್ಲ ಇಳಿದುಹೋದರು. ನನ್ನ ತಲೆಯಿಂದ ಮಾತ್ರ ಹುಲಿಗೆಮ್ಮ ಇಳಿಯಲಿಲ್ಲ.

ಲಿಂಗಸುಗೂರಿನ ಆಫೀಸು ಚೆನ್ನಾಗಿತ್ತು. ಸಾಲಾಗಿ ಮೇಜುಗಳು, ಒಳ್ಳೆಯ ಕಂಪ್ಯೂಟರ್, ಫ್ಯಾನು. ಎಲ್ಲ ಮೇಜುಗಳೂ ಕಾಣುವಂತೆ, ಒಂದು ಮೆಟ್ಟಿಲು ಎತ್ತರದಲ್ಲಿ ಮ್ಯಾನೇಜರರ ಗಾಜಿನ ಕೋಣೆ. ಬದು! ನನಗೆ ನಗು ತಡೆಯಲಾಗಲಿಲ್ಲ.

"ಯಾಕ್ರಿ ಮೇಡಂ, ನಗಾಕತ್ತೀರಿ?" ಎಂದರು ಮ್ಯಾನೇಜರು. ಪಾಪ, ಸಜ್ಜನರು.

"ಸರ್, ನೌಕರಿ ಬ್ಯಾಡ್ರಿ. ಪುಸ್ತಕ ಕೊಡ್ರಿ, ದಿನ ಹೇಳ್ರಿ. ಮನ್ಯಾಗ ಮುಗಿಸಿ ಕಳಸ್ತೀನಿ."

ಅವರು ಗಲ್ಲ ಕೆರೆದುಕೊಂಡರು. "ಒಂದು ಮಾಡಿ ತೋರಸ್ರಿ, ಆಮ್ಯಾಲ ನೋಡೂಣು," ಎಂದು ಶಾಲೆಯ ಪುಸ್ತಕವೊಂದನ್ನು ಕೊಟ್ಟರು.

ಅಬ್ಬಾ ಎರಡು ದಿನ ಮಾತು ಬಿಟ್ಟರು. (ಪೇಡೆ ಹಂಚಿದವರ ಮರ್ಯಾದೆಯ ಪ್ರಶ್ನೆ ನೋಡಿ.) ನಾನೂ ಹಟಮಾರಿಯೇ. ಮಂಗಳವಾರ ಒಂಬತ್ತಕ್ಕೆ ಹೊಸ ಚಪ್ಪಲಿ ಮೆಟ್ಟಿಕೊಂಡು, ಬುತ್ತಿ ಹಿಡಿದು, ಮುಂಬಾಗಿಲಿನಿಂದ ಹೊರಟೆ. ಮನೆಗೆ ಅರ್ಧ ಸುತ್ತು ಹಾಕಿ ಹಿತ್ತಿಲ ಬಾಗಿಲಿನಿಂದ ನನ್ನ ಕೋಣೆ ಸೇರಿದೆ. ನಾಲ್ಕಕ್ಕೆ ಲ್ಯಾಪ್‌ಟಾಪ್ ಮುಚ್ಚಿ, ಫೋನ್ ಆಫ್ ಮಾಡಿ, ಅದೇ ಸುತ್ತು ಹಾಕಿ ಮುಂಬಾಗಿಲಿಗೆ ಬಂದೆ. ಪೇಪರಿನ ಮರೆಯಿಂದ ಅಬ್ಬಾ ಹುಚ್ಚಿಯನ್ನು ನೋಡುವ ಹಾಗೆ ನೋಡಿದರು. ದಿನಾ ಹೀಗೇ ಮಾಡಿದೆ. ನಾಲ್ಕನೆಯ ದಿನ ನಾನು ಬರುವ ಹೊತ್ತಿಗೆ ಚಹಾ ಸಿದ್ಧವಾಗಿತ್ತು. ಮನೆಯಲ್ಲಿ ಇದ್ದವರು ಅಬ್ಬಾ ಒಬ್ಬರೇ. ಎರಡು ಲೋಟ ಕುಡಿದೆ, ಸುಳ್ಳೇಕೆ ಹೇಳಲಿ?

ಮೊನ್ನೆ ಮಧ್ಯಾಹ್ನ ಬಸಮ್ಮಕ್ಕನ ದನಿ ಕೇಳಿಸಿತು. "ಮಗಳು ಮನ್ಯಾಗ ಅದಾಳೇನ್ರಿ? ಗ್ಯಾಸ್ ಬುಕ್ ಮಾಡಸ್ಬೇಕಿತ್ತು."

"ಇಲ್ರಿ, ಕೆಲಸಕ್ಕ ಹೋಗ್ಯಾಳ," ಎಂದರು ಅಬ್ಬಾ, ಗಂಭೀರವಾಗಿ. "ನಾಕಕ್ಕ ಬರ್ತಾಳ. ಆಗ ಬರ್ರಿ."

ನಮ್ಮ ನಡುವೆ ಇದ್ದದ್ದು ಒಂದು ಪರದೆ.