ನಾನು ಬರೆಸಿದ ಒಂಬತ್ತನೇ ಕಲಂ

ಹೋದ ವಾರ ಕುಂಬ್ರದ ಪಶು ಆಹಾರದ ಅಂಗಡಿಗೆ ಹೋಗಿದ್ದೆ. ಅಂಗಡಿಯವರು ಆಗಷ್ಟೇ ನೆಲಕ್ಕೆ ಫಿನಾಯಿಲ್ ಹಾಕಿ ಒರೆಸಿ, ಮೆಟ್ಟಿಲ ಬುಡಕ್ಕೆ ಸುಣ್ಣದ ಹುಡಿ ಚೆಲ್ಲಿದ್ದರು. ಒದ್ದೆ ನೆಲಕ್ಕೆ ಬಿದ್ದ ಸುಣ್ಣದ ವಾಸನೆ ಮೂಗಿಗೆ ಬಡಿದದ್ದೇ ತಡ, ಅಲ್ಲಿ ನಿಲ್ಲಲಾಗಲಿಲ್ಲ. ಹಿಂಡಿ ತೆಗೆದುಕೊಳ್ಳಲು ಹೋದವನು ಬರಿಗೈಯಲ್ಲಿ ರಸ್ತೆಗೆ ಬಂದೆ. ನಮ್ಮ ಕೋಳಿ ಸಾಕಣೆದಾರರ ಸಂಘದ ಕಾರ್ಯದರ್ಶಿಯವರ ಅಂಗಿಗೆ ಯಾವಾಗಲೂ ಇದೇ ವಾಸನೆ ಇರುತ್ತಿತ್ತು…

ಅವರು ಪಶು ಆಸ್ಪತ್ರೆಯಲ್ಲಿ ಕಂಪೌಂಡರಾಗಿದ್ದು ನಿವೃತ್ತರಾದವರು. ಎಪ್ಪತ್ತರ ದಶಕದ ಕೊನೆಯ ಮಾತು ಇದು. ಪುತ್ತೂರು, ಸುಳ್ಯ, ಕಡಬದ ಕಡೆ ಬಿಳಿ ಮೊಟ್ಟೆಕೋಳಿ ಸಾಕುವ ಹುಮ್ಮಸ್ಸು ಆಗಷ್ಟೇ ಹಬ್ಬುತ್ತಿತ್ತು. ಒಬ್ಬೊಬ್ಬರೇ ಮಂಗಳೂರಿಗೆ ಹೋಗಿ ಆಹಾರ, ಲಸಿಕೆ ತರುವುದು ಕಷ್ಟವೆಂದು ನಲವತ್ತು ಚಿಲ್ಲರೆ ಜನ ಸೇರಿ ಸಂಘ ಮಾಡಿಕೊಂಡಿದ್ದೆವು. ಥರ್ಮಾಸ್ ಫ್ಲಾಸ್ಕಿನಲ್ಲಿ ಐಸ್ ತುಂಬಿ, ಅದರೊಳಗೆ ಲಸಿಕೆಯ ಸೀಸೆ ಇಟ್ಟುಕೊಂಡು ಅವರು ಬಸ್ಸಿನಲ್ಲಿ ಊರೂರು ತಿರುಗುತ್ತಿದ್ದರು. ಕೂತಲ್ಲಿ ಕೂರುವ ಮನುಷ್ಯನೇ ಅಲ್ಲ.

ಸಭೆ ನಡೆಯುತ್ತಿದ್ದದ್ದು ಪುತ್ತೂರಿನ ಒಂದು ಎಣ್ಣೆ ಮಿಲ್ಲಿನ ಮಾಳಿಗೆಯಲ್ಲಿ. ಚರ್ಚೆಯೆಲ್ಲ ತುಳುವಿನಲ್ಲಿ, ಸುಳ್ಯದವರು ಸೇರಿದರೆ ಅರೆಭಾಷೆಯಲ್ಲಿ. ನಿಯಮ ಬರೆಯುವುದು ಮಾತ್ರ ಕನ್ನಡದಲ್ಲಿ. ಪ್ರತಿಯೊಂದು ಕಲಂ ಬರೆದಾದ ಮೇಲೆ ಕಾರ್ಯದರ್ಶಿಯವರು ಅದನ್ನು ಮತ್ತೆ ತುಳುವಿನಲ್ಲಿ ಹೇಳಿ, ಹಿಂದಿನ ಬೆಂಚಿನವರ ಮುಖ ನೋಡುತ್ತಿದ್ದರು. ಅಲ್ಲಿ ಯಾರಾದರೂ ತಲೆ ಆಡಿಸದಿದ್ದರೆ ಪೆನ್ನು ಮುಂದೆ ಹೋಗುತ್ತಿರಲಿಲ್ಲ. ನನಗೆ ಆಗ ಇಪ್ಪತ್ತೇಳು. ಬಿ.ಕಾಂ. ಆಗಿತ್ತು, ಕೆದಂಬಾಡಿಯಲ್ಲಿ ನಾನೂರು ಕೋಳಿಗಳ ಶೆಡ್ಡು ಇತ್ತು, ಮಾತು ಚೆನ್ನಾಗಿ ಬರುತ್ತಿತ್ತು. ಅವರ ನಿಧಾನ ನನ್ನಿಂದ ತಡೆಯಲಾಗುತ್ತಿರಲಿಲ್ಲ.

ಆ ವರ್ಷ ಕೊಕ್ಕರೆ ರೋಗ ಬಂತು. ಕೋಳಿಯ ಕುತ್ತಿಗೆ ತಿರುಚಿಕೊಳ್ಳುತ್ತದೆ, ಹಸಿರು ಹಿಕ್ಕೆ ಹಾಕುತ್ತದೆ, ಎರಡು ಮೂರು ದಿನಗಳಲ್ಲಿ ಶೆಡ್ಡೇ ಖಾಲಿ. ಕಾರ್ಯದರ್ಶಿಯವರು ಒಂದು ಹೊಸ ಕಲಂ ಬರೆದು ತಂದರು. ರೋಗ ಕಂಡವರು ಅದೇ ದಿನ ಸಂಘಕ್ಕೆ ತಿಳಿಸಬೇಕು, ಒಂದು ತಿಂಗಳು ಕೋಳಿ ಹೊರಗೆ ಕೊಡಬಾರದು, ಅಂಥವರಿಗೆ ಮತ್ತೆ ಶುರು ಮಾಡಲು ಸಂಘವೇ ಮರಿ ಕೊಡಬೇಕು. ಇಷ್ಟೇ ಇದ್ದದ್ದು.

ನಾನು ಎದ್ದು ನಿಂತೆ. ಶಿಕ್ಷೆ ಇಲ್ಲದ ನಿಯಮ ಯಾರಿಗೆ ಬೇಕು ಎಂದೆ. ಮುಚ್ಚಿಟ್ಟವರನ್ನು ಸಂಘದಿಂದಲೇ ತೆಗೆಯಬೇಕು, ರೋಗ ತಂದುಕೊಂಡವರಿಗೆ ಮರಿ ಕೊಡುವುದೆಂದರೆ ಸೋಮಾರಿತನಕ್ಕೆ ಬಹುಮಾನ ಕೊಟ್ಟ ಹಾಗೆ ಎಂದೆ. ಬೆಂಚು ಬಡಿದೆ. ಕಾರ್ಯದರ್ಶಿಯವರು ಒಂದೇ ಮಾತು ಕೇಳಿದರು.

"ಇದು ನಮ್ಮ ಮನೆಗೇ ಬಂದರೆ ಎಂತ ಮಾಡುದು, ಹೇಳಿ?"

"ನಮ್ಮ ಮನೆಗೆ ಬಂದರೆ ನಾವೇ ಹೇಳ್ತೇವೆ. ಅದಕ್ಕೆಂತ?" ಎಂದೆ. ಎಲ್ಲರೂ ನಕ್ಕರು, ಕೈಗಳು ಮೇಲೆದ್ದವು. ಒಂಬತ್ತನೇ ಕಲಂ ನಾನು ಹೇಳಿದ ಹಾಗೆಯೇ ಆಯಿತು. ಬರೆದದ್ದು ಅವರ ಅಕ್ಷರದಲ್ಲಿ.

ಮೊದಲು ಸಿಕ್ಕಿಬಿದ್ದವರು ಕೊಲ್ಲಮೊಗ್ರಿನ ಒಬ್ಬ ಅಕ್ಕ. ಸಂಘದಲ್ಲಿದ್ದ ಒಬ್ಬರೇ ಹೆಂಗಸು, ಅರವತ್ತು ಕೋಳಿ ಸಾಕಿದ್ದರು. ಬಸ್ಸು ಕೆಟ್ಟು ಆ ಸಭೆಗೆ ಅವರಿಗೆ ಬರಲಾಗಿರಲಿಲ್ಲ. ನಾಲ್ಕೈದು ಕೋಳಿ ಸತ್ತಾಗ ಸೆಕೆಗೆ ಸತ್ತವು ಅಂದುಕೊಂಡು, ನೆಂಟರ ಮನೆಯ ಊಟಕ್ಕೆ ಒಂದಷ್ಟು ಕೋಳಿ ಕೊಟ್ಟಿದ್ದರು. ಆ ನೆಂಟರ ಊರಿನ ನಾಟಿ ಕೋಳಿಗಳೂ ಸತ್ತವು. ಸುದ್ದಿ ಪುತ್ತೂರಿಗೆ ಬಂತು. ಅವರನ್ನು ಕರೆದು ಕೇಳುವ ಎಂದು ಕಾರ್ಯದರ್ಶಿಯವರು ಎರಡು ಸಲ ಹೇಳಿದರು. ನಿಯಮ ಅಂದರೆ ನಿಯಮ ಎಂದು ಮೊದಲು ಕೈ ಎತ್ತಿದವನು ನಾನು.

ಸಂಘದಿಂದ ತೆಗೆದಿದ್ದೇವೆಂದು ಅಂಚೆಯಲ್ಲಿ ಹೋದ ಕಾಗದವನ್ನು ಹಿಡಿದುಕೊಂಡು ಆ ಅಕ್ಕ ಮಿಲ್ಲಿನ ಹತ್ತಿರ ಬಂದರು. ಕಾರ್ಯದರ್ಶಿಯವರು ಮೆಟ್ಟಿಲಿಳಿಯುತ್ತಿದ್ದರು, ಅವರ ಹಿಂದೆ ನಾನು.

"ಇದು ನೀವು ಬರೆದದ್ದಾ?"

"ಹೌದು ಅಕ್ಕ, ನಾನೇ ಬರೆದದ್ದು."

ಅಕ್ಕ ಕಾಗದವನ್ನು ನಾಲ್ಕು ಮಡಿಕೆ ಮಾಡಿ ಅವರ ಕೈಗೆ ಕೊಟ್ಟು ಬಸ್‌ಸ್ಟ್ಯಾಂಡಿನ ಕಡೆ ನಡೆದರು. ಕಾರ್ಯದರ್ಶಿಯವರು ತಿರುಗಿ ನನ್ನನ್ನು ನೋಡಿಯಾರು ಎಂದು ನಾನು ಕಾದೆ. ನೋಡಲಿಲ್ಲ. ಸಂಘದ ಲಸಿಕೆ ಇಲ್ಲ, ಆಹಾರ ಇಲ್ಲ ಎಂದಾದ ಮೇಲೆ ಅಷ್ಟು ದೂರದ ಊರಿನಲ್ಲಿ ಒಬ್ಬರೇ ಏನು ಮಾಡಲಾಗುತ್ತದೆ… ಶೆಡ್ಡು ಬಿಚ್ಚಿದರಂತೆ ಎಂದು ಕೇಳಿದೆ.

ಮುಂದಿನ ಬೇಸಿಗೆಯಲ್ಲಿ ಒಂದು ಬೆಳಿಗ್ಗೆ ನನ್ನ ಶೆಡ್ಡಿನ ಮೂಲೆಯಲ್ಲಿ ಮೂರು ಕೋಳಿ ಕುತ್ತಿಗೆ ತಿರುಚಿಕೊಂಡು ನಿಂತಿದ್ದವು. ನೋಡಿದ ಕೂಡಲೇ ಗೊತ್ತಾಯಿತು. ಕಾರ್ಯದರ್ಶಿಯವರಿಗೆ ಹೇಳಲು ಸೈಕಲ್ ತೆಗೆದೆ, ಗೇಟಿನವರೆಗೆ ಹೋಗಿ ವಾಪಸು ತಂದು ನಿಲ್ಲಿಸಿದೆ. ಮತ್ತೆ ತೆಗೆದೆ, ಮತ್ತೆ ನಿಲ್ಲಿಸಿದೆ. ಬೆಂಚು ಬಡಿದ ನನ್ನ ಕೈ ಎಲ್ಲರಿಗೂ ನೆನಪಿತ್ತಲ್ಲ. ಮಧ್ಯಾಹ್ನದೊಳಗೆ ಒಬ್ಬ ವ್ಯಾಪಾರಿಯನ್ನು ಕರೆಸಿ, ಜೀವವಿದ್ದ ಕೋಳಿಗಳನ್ನೆಲ್ಲ ವ್ಯಾನಿಗೆ ತುಂಬಿಸಿಬಿಟ್ಟೆ. ಅವು ಯಾವ ಯಾವ ಊರಿಗೆ ಹೋದವೋ… ತಿಂಗಳೊಳಗೆ ಕಡಬದ ಕಡೆ ಎರಡು ಶೆಡ್ಡುಗಳಿಗೆ ರೋಗ ಬಂತು. ಅದು ನನ್ನಿಂದಲೇ ಎಂದು ಹೇಳಲಾಗದು. ಅಲ್ಲ ಎಂದು ಹೇಳುವ ಧೈರ್ಯ ನನಗೆ ಇವತ್ತಿಗೂ ಇಲ್ಲ.

ವ್ಯಾನು ಹೋದ ಮೂರನೆಯ ದಿನ ಕಾರ್ಯದರ್ಶಿಯವರು ಫ್ಲಾಸ್ಕು ಹಿಡಿದು ಲಸಿಕೆ ಹಾಕಲು ಬಂದರು. ಖಾಲಿ ಶೆಡ್ಡಿನ ಬಾಗಿಲಲ್ಲಿ ನಿಂತರು. ಒಳ್ಳೆಯ ಗಿರಾಕಿ ಸಿಕ್ಕಿದ, ಎಲ್ಲ ಕೊಟ್ಟುಬಿಟ್ಟೆ ಎಂದು ನಾನು ಗಡಬಡಿಸಿದೆ. ಅವರು ಒಳಗೆ ಹೋಗಿ, ಕುಕ್ಕರುಗಾಲಲ್ಲಿ ಕೂತು ನೆಲ ನೋಡಿದರು. ಹಿತ್ತಿಲಿನಲ್ಲಿ ಸತ್ತ ಕೋಳಿಗಳನ್ನು ಹೂತು ನಾನು ಹೊಸದಾಗಿ ಮುಚ್ಚಿದ್ದ ಗುಂಡಿಯನ್ನೂ ನೋಡಿದರು.

"ಸುಣ್ಣ ಸಾಲದು. ಇನ್ನೊಂದು ಸಲ ಹಾಕಿ. ಮಳೆ ಹಿಡಿಯುವವರೆಗೆ ಮರಿ ತರಬೇಡಿ" ಎಂದರು. ಅಷ್ಟೇ. ಚಾ ಕುಡಿಯದೆ ಹೋದರು.

ಆಮೇಲಿನ ಪ್ರತಿ ಸಭೆಯಲ್ಲೂ ಅವರ ಬಾಯಿಯನ್ನೇ ನೋಡುತ್ತಾ ಕೂತೆ. ಇವತ್ತು ಹೇಳುತ್ತಾರೆ, ಇವತ್ತು ಖಂಡಿತ ಹೇಳುತ್ತಾರೆ… ಅವರು ಹೇಳಿಬಿಟ್ಟಿದ್ದರೆ ಒಳ್ಳೆಯದಿತ್ತು ಎಂದೂ ಅನಿಸುತ್ತಿತ್ತು. ಅವರು ಎದ್ದದ್ದು ವಾರ್ಷಿಕ ಮಹಾಸಭೆಯಲ್ಲಿ.

"ಒಬ್ಬರ ಶೆಡ್ಡಿನಲ್ಲಿ ರೋಗ ಬಂದದ್ದು ನನಗೆ ಗೊತ್ತಿತ್ತು. ನಾನು ಸಂಘಕ್ಕೆ ತಿಳಿಸಲಿಲ್ಲ. ಒಂಬತ್ತನೇ ಕಲಂ ಪ್ರಕಾರ ಮುಚ್ಚಿಟ್ಟವರು ಹೊರಗೆ ಹೋಗಬೇಕು. ನಾನು ಹೋಗ್ತೇನೆ."

ಮಾಳಿಗೆ ತುಂಬ ಗದ್ದಲ. ಯಾರ ಶೆಡ್ಡು, ಹೆಸರು ಹೇಳಿ ಎಂದು ಹತ್ತು ಕಡೆಯಿಂದ ಕೂಗಿದರು. ಅವರು ಕೈ ಎತ್ತಿ ಸುಮ್ಮನಿರಿಸಿದರು.

"ಹೆಸರು ಹೇಳುದಿಲ್ಲ ಮಾರಾಯ್ರೆ. ಹೇಳಿದರೆ ಒಬ್ಬರು ಹೋಗ್ತಾರೆ, ಉಳಿದವರು ಇನ್ನೂ ಗಟ್ಟಿಯಾಗಿ ಮುಚ್ಚಿಡ್ತಾರೆ. ಹೆದರಿದವ ರೋಗ ಹೇಳುದಿಲ್ಲ, ಕೋಳಿ ಮಾರ್ತಾನೆ. ನಾನು ಹೋಗುವ ಮೊದಲು ಈ ಕಲಂ ತಿದ್ದಿ, ಅಷ್ಟು ಮಾಡಿ. ಕೊಲ್ಲಮೊಗ್ರಿನ ಅಕ್ಕನನ್ನೂ ವಾಪಸು ಕರೆಯಿರಿ."

ಎರಡನೆಯ ಬೆಂಚಿನಲ್ಲಿ ನಾನು ಕೂತಿದ್ದೆ. ಏಳಬೇಕು ಎಂದು ಕಾಲು ಊರಿದೆ, ಏಳಲಿಲ್ಲ. ಶಿಕ್ಷೆ ತೆಗೆದುಹಾಕಿ ಮರಿ ಕೊಡುವ ತಿದ್ದುಪಡಿಗೆ ಕೈ ಎತ್ತಿ ಎಂದಾಗ ಮಾತ್ರ ಎತ್ತಿದೆ. ತಿದ್ದುಪಡಿ ಪಾಸಾಯಿತು. ನೀವು ಹೋಗುವುದು ಬೇಡ ಎಂದು ಎಷ್ಟು ಜನ ಹೇಳಿದರೂ ಅವರು ಕೇಳಲಿಲ್ಲ. ಠರಾವು ಪುಸ್ತಕವನ್ನೂ ಫ್ಲಾಸ್ಕನ್ನೂ ಮೇಜಿನ ಮೇಲಿಟ್ಟು ಇಳಿದು ಹೋದರು. ಸಂಘದ ಪತ್ರ ಹಿಡಿದುಕೊಂಡು ಕೊಲ್ಲಮೊಗ್ರಿಗೆ ಅವರೇ ಹೋಗಿದ್ದರೆಂದೂ, ಅಕ್ಕ ಬರಲು ಒಪ್ಪಲಿಲ್ಲವೆಂದೂ ಆಮೇಲೆ ತಿಳಿಯಿತು. ಅಲ್ಲಿ ಏನಾಯಿತೆಂದು ಅವರು ಯಾರಿಗೂ ಹೇಳಲಿಲ್ಲ.

ವರ್ಷ ಕಳೆದು ಒಂದು ಆದಿತ್ಯವಾರ ಕಾರ್ಯದರ್ಶಿಯವರ ಮನೆಗೆ ಹೋದೆ. ಅಂಗಳದಲ್ಲಿ ಸೌದೆ ಒಡೆಯುತ್ತಿದ್ದರು, ಆ ವಯಸ್ಸಿನಲ್ಲಿ. ನಾನು ತಡವರಿಸುತ್ತಾ ಶುರು ಮಾಡಿದ್ದೇ ತಡ, ಕೊಡಲಿ ಕೆಳಗಿಟ್ಟರು.

"ನನಗೆ ಗೊತ್ತಿರುವುದನ್ನು ನನಗೇ ಹೇಳಿ ಎಂತ ಪ್ರಯೋಜನ? ಆ ಅಕ್ಕನಿಗೆ ಹೇಳಿ."

ಹೇಳುತ್ತೇನೆ ಎಂದೆ. ಇವತ್ತು ನಾಳೆ ಎಂದು ಮುಂದೆ ಹಾಕಿದೆ. ಎಂಬತ್ತರ ದಶಕ ಮುಗಿಯುವ ಮೊದಲೇ ಕಾರ್ಯದರ್ಶಿಯವರು ತೀರಿಕೊಂಡರು. ಚಟ್ಟಕ್ಕೆ ಹೆಗಲು ಕೊಟ್ಟವರಲ್ಲಿ ನಾನೂ ಇದ್ದೆ. ಮುಖ ನೋಡಲು ಮಾತ್ರ ಹೋಗಲಿಲ್ಲ…

ಹೋದ ವಾರ ಕುಂಬ್ರದಿಂದ ನಾನು ಮನೆಗೆ ಹೋಗಲಿಲ್ಲ. ಸುಳ್ಯದ ಬಸ್ಸು ಬಂತು, ಹತ್ತಿದೆ. ಅಲ್ಲಿಂದ ಇನ್ನೊಂದು ಬಸ್ಸು. ಕೊಲ್ಲಮೊಗ್ರಿನಲ್ಲಿ ಕೇಳಿಕೊಂಡು ಹೋದರೆ, ಅಕ್ಕ ಜಗಲಿಯಲ್ಲಿ ಕೂತು, ಗೆರಸೆಯಲ್ಲಿ ಹುಣಸೆಹಣ್ಣು ಹರಡಿಕೊಂಡು ಬೀಜ ತೆಗೆಯುತ್ತಿದ್ದರು. ನನ್ನ ಗುರುತು ಹತ್ತಲಿಲ್ಲ. ಕೂತು ಎಲ್ಲ ಹೇಳಿದೆ, ಕಲಂ ಬರೆಸಿದ್ದು ಯಾರು, ಮುಚ್ಚಿಟ್ಟದ್ದು ಯಾರು ಎಂಬುದನ್ನೆಲ್ಲ. ಅವರ ಕೈ ನಿಂತಿತು.

"ಆ ಕಾರ್ಯದರ್ಶಿಯವರು ಇಲ್ಲಿಗೆ ಬಂದಿದ್ದರು. ವಾಪಸು ಬನ್ನಿ ಅಂತ ಕೇಳಿದರು. ಈ ಅಂಗಳದಿಂದಲೇ ಓಡಿಸಿದೆ. ಬಾಯಿಗೆ ಬಂದ ಹಾಗೆ ಬೈದೆ. ಅಷ್ಟು ದೂರದಿಂದ ಬಿಸಿಲಿಗೆ ಬಂದ ಮುದುಕರು, ನೀರು ಬೇಕಾ ಅಂತ ಕೇಳಲಿಲ್ಲ ನಾನು. ಬೇರೆಯವರು ಬರೆಸಿದ್ದು ಅಂತ ಒಂದು ಮಾತು ಹೇಳಲಿಲ್ಲ ಅವರು." ಗೆರಸೆ ಬದಿಗೆ ಸರಿಸಿ ಕೇಳಿದರು, "ಈಗ ಎಲ್ಲಿದ್ದಾರೆ?"

ತೀರಿಕೊಂಡು ಮೂವತ್ತು ವರ್ಷ ದಾಟಿತು ಎಂದೆ.

"ಹಾಗಾದರೆ ಈಗ ಇದನ್ನು ನನಗೆ ಯಾಕೆ ಹೇಳಿದಿರಿ?"

ಸುಳ್ಯಕ್ಕೆ ಹೋಗುವ ಬಸ್ಸಿಗೆ ಹೊತ್ತಾಗಿತ್ತು, ಎದ್ದೆ. ಅವರು ಏಳಲಿಲ್ಲ. ರಸ್ತೆಯ ತಿರುವಿನಿಂದ ನೋಡಿದಾಗಲೂ ಹುಣಸೆಹಣ್ಣಿನ ಗೆರಸೆ ಹಾಗೆಯೇ ಇತ್ತು, ಅವರು ಖಾಲಿ ಅಂಗಳವನ್ನು ನೋಡುತ್ತಾ ಕೂತಿದ್ದರು.