ಸುಣ್ಣ ಹತ್ತಿದ ಚೆಂಡು

ಚೆಂಡು ನನ್ನ ಕಣ್ಣೆದುರೇ ಸುಣ್ಣದ ಗೆರೆಯ ಮೇಲೆ ಬಿತ್ತು. ಗೆರೆಗೆ ತಾಗಿದರೆ ಪಾಯಿಂಟು ಕಮಲಾಪುರದವರದು, ಆಟವೂ ಅವರದೇ. ನಾನು ಎರಡೂ ಕೈ ಎತ್ತಿ ‘ಔಟ್’ ಎಂದು ಕೂಗಿಬಿಟ್ಟೆ.

ತೊಂಬತ್ತರ ದಶಕದ ಮಾತು. ಕಪನೂರಿನ ನಮ್ಮ ವರ್ಕ್‌ಶಾಪಿನ ವಾಲಿಬಾಲ್ ತಂಡದ ಜೊತೆ, ಆಡಲು ಬಾರದ ನಾನು ಚಪ್ಪಾಳೆ ತಟ್ಟಲೆಂದೇ ಟೆಂಪೊ ಹತ್ತಿ ಕಮಲಾಪುರಕ್ಕೆ ಹೋಗಿದ್ದೆ. ಹೊರಗಿನವರಿಗೆ ಅನ್ಯಾಯವಾಗಬಾರದೆಂದು ಒಂದು ಬದಿಯ ಗೆರೆ ನೋಡುವ ಕೆಲಸವನ್ನು ಬಂದವರಲ್ಲೇ ಒಬ್ಬರಿಗೆ ಕೊಡುವುದು ಅಲ್ಲಿನ ಪದ್ಧತಿ. ಅಂದು ಅದು ನನ್ನ ಪಾಲಿಗೆ ಬಂದಿತ್ತು.

“ಗೆರಿ ಮ್ಯಾಲೇ ಬಿದ್ದದ!” ಎಂದು ಕಮಲಾಪುರದ ಆಟಗಾರರು ನನ್ನತ್ತ ನುಗ್ಗಿದರು. ಅಷ್ಟರಲ್ಲಿ ಅವರೂರಿನವರೇ ಆದ ಹಿರಿಯ ಅಂಪೈರ್ ಚೆಂಡನ್ನು ಎತ್ತಿಕೊಂಡಿದ್ದರು. ಅದರ ಮೇಲೆ ಬೆರಳಗಲದ ಬಿಳಿ ಗುರುತು. ಅವರೂ ನೋಡಿದರು, ನಾನೂ ನೋಡಿದೆ. ಅವರು ಹೆಗಲ ಮೇಲಿನ ಟವೆಲಿನಿಂದ ಅದನ್ನು ಸಾವಕಾಶವಾಗಿ ಒರೆಸಿ, ತಮ್ಮವರ ಕಡೆ ತಿರುಗಿದರು.

“ಬಂದ ಮಂದಿ ಸುಳ್ಳ ಹೇಳ್ತಾರೇನ್ರೋ? ಔಟ್ ಅಂದ್ರ ಔಟ್. ನಡೀರಿ, ಆಡ್ರಿ.”

ಕೊನೆಗೆ ನಾವೇ ಗೆದ್ದೆವು. ನಾವು ಟೆಂಪೊ ಹತ್ತುವಾಗ ಆ ಅಂಪೈರ್ ಒಂದು ಡಜನ್ ಕೆಂಪು ಬಾಳೆಹಣ್ಣು ತಂದು ನನ್ನ ಕೈಗೇ ಕೊಟ್ಟು, “ಮತ್ತ ಬರ್ರಿ” ಎಂದರು. ಗುರುತಿನ ಮಾತೇ ಎತ್ತಲಿಲ್ಲ.

ನಾಲ್ಕು ಮಾತು ಬೈದಿದ್ದರೆ ಅಂದೇ ಮರೆತುಬಿಡುತ್ತಿದ್ದೆನೇನೋ. ಈಗಲೂ ಬೀದರ್ ಬಸ್ಸು ಕಮಲಾಪುರದಲ್ಲಿ ನಿಂತು, ಕಿಟಕಿಯ ಬಳಿ ಕೆಂಪು ಬಾಳೆಹಣ್ಣಿನ ಬುಟ್ಟಿ ಬಂದರೆ, ನಾನು ಮುಖ ಆಚೆ ತಿರುಗಿಸಿ ಕೂರುತ್ತೇನೆ.